ಮೊಣಕಾಲಿನ ಪಿನ್ನು

ರವಿವಾರ ಮಧ್ಯಾಹ್ನ. ಕರೆಂಟು ಹೋಗಿತ್ತು.
ಗೋಕುಲ ರೋಡಿನ ನನ್ನ ಲೇಥು
ಬಾಯಿ ಮುಚ್ಚಿಕೊಂಡು ಕುಂತಿತ್ತು.
ಆವಾಗ ಬಂದ್ರು ನಾಲ್ಕು ಮಂದಿ,
ಹಸಗೂಸು ಎತ್ತಿಕೊಂಡು ಬಂದಂಗ
ಟಾವೆಲಿನ್ಯಾಗ ಸುತ್ತಿದ ಒಬ್ಬ ಕಬ್ಬಿಣದ ಮನಷ್ಯಾನ್ನ ಹಿಡಕೊಂಡು.

ಕಬ್ಬಿಣಲ್ಲೋ, ಅಂದ್ರು ಮೋತಿಲಾಲಸಾ ಕಬಾಡಿ,
ಜಸ್ತದ ಎರಕ. ಜಪಾನದ್ದು. ನಾ ಹುಟ್ಟಿದ ವರ್ಷದ್ದು.
ಗೇಣುದ್ದ ಅದ. ನೀಲಿ ಮೈ, ಕೆಂಪು ಬೂಟು,
ಗುಂಡಿ ಒತ್ತಿದ್ರ ಹಾರಿ ಹೋಗೂ ಮುಷ್ಟಿ.
ಎದಿ ಬಾಗಲಾ ತೆಗದ್ರ ಒಳಗ
ಜೋಳದ ಕಾಳಿನಷ್ಟು ಒಬ್ಬ ಹುಡುಗ ಕುಂತಾನ,
ಇಷ್ಟು ದೊಡ್ಡ ಮೈ ಅವನ ನಡಸ್ತಾನಂತ.
ಬಲಗಾಲು ಮಾತ್ರ ಜೋತು ಬಿದ್ದಿತ್ತು.

ಎಷ್ಟು ಕೊಟ್ರಿ? ಸುಮ್ನ ಕೇಳಿದೆ.
ಕೇಳಬಾರದಿತ್ತು.

ಮೂವತ್ತೆಂಟು ಸಾವಿರ ಯೆನ್ನು, ಐವತ್ತಾರು ಪೈಸಾ ಲೆಕ್ಕ,
ಅಲ್ಲಿಯ ದಲಾಲಿಗೆ ಒಂದೂವರಿ ಸಾವಿರ,
ವಿಮಾನದ ಬಾಡಗಿ ಎರಡು ಸಾವಿರದ ಆರನೂರು,
ಸುಂಕದ ಕಟ್ಟ್ಯಾಗ ಹದಿನಾರು ಸಾವಿರದ ಮ್ಯಾಲೆ.
ಎಲ್ಲಾ ಕೂಡಿ ನಲವತ್ತೆರಡು ಸಾವಿರ.
ಮನ್ಯಾಗ ಕೇಳಿದ್ರ ನಾಲ್ಕು ಸಾವಿರದ ಇನ್ನೂರು ಅಂತ ಹೇಳು,
ಒಂದು ಸೊನ್ನಿ ಅಷ್ಟ ಹೆಚ್ಚು ಕಡಿಮಿ.

ಮೋಸ ಹೋದ್ರಿ ಕಾಕಾ, ಅಂದ ಶ್ರೇಣಿಕ ಬೋಗಾರ,
ಇನ್ನೂ ಮೀಸಿ ಬಂದಿಲ್ಲ, ಎಲ್ಲಾ ರೇಟು ಬಾಯಿಪಾಠ.
ಡಬ್ಬಿ ಇಲ್ಲ. ಡಬ್ಬಿ ಇದ್ದಿದ್ರ ದುಪ್ಪಟ್ಟು.
ಖಾಲಿ ಡಬ್ಬಿನ ಹನ್ನೊಂದು ಸಾವಿರಕ್ಕ ಹೋಗೇತಿ ಹೋದ ತಿಂಗಳ.
ಖಾಲಿ? ಅಂದೆ ನಾ.
ಖಾಲಿ.
ಯಾರೂ ಬಿಚ್ಚದ್ದು, ಯಾರೂ ಆಡದ್ದು, ಅದಕ್ಕ ಎಲ್ಲಾಕ್ಕಿಂತ ಹೆಚ್ಚು ಬೆಲಿ,
ಅಂದ್ರು ಅಣ್ಣಿಗೇರಿಯ ಹೂಲಿ ಮಾಸ್ತರು,
ದಿನಾ ನಲವತ್ತು ಹುಡುಗೂರಿಗೆ ಆಟದ ಪಿರಿಯಡ್ ತಗೊಳ್ಳೂ ಮನಷ್ಯಾ.

ಮತ್ತ ಇದೊಂದು ನೋಡು, ಅಂದ್ರು ಕಬಾಡಿ ನನಗ,
ತಲಿ ಮ್ಯಾಲಿನ ಹಳದಿ ಕೋಡು ತೋರಿಸಿ.
ಮೆತ್ತನ್ನ ಪ್ಲಾಸ್ಟಿಕ್ಕು. ಅದರಾಗ ಎರಡು ತಗ್ಗು.
ಉಜ್ಜಿ ಸಾಫ್ ಮಾಡಾಕ ಬರತೈತೇನು?
ನಾಲ್ಕು ಸಾವಿರ ತಿಂದೈತಿ ಈ ಹಾಳು ಗುರುತು.

ಅಷ್ಟೊತ್ತು ಮಾತಾಡದ ಡಾಕ್ಟರು, ರುಕ್ಸಾನಾ ಮಕಾನದಾರ,
ಚಷ್ಮಾ ಹಣಿಗೇರಿಸಿ, ಮೊಬೈಲ್ ಬೆಳಕು ಹಿಡಿದು
ಬಾಯಿ ತಗೀರಿ ಅನ್ನೂ ದನಿಯಾಗ ಅಂದ್ರು:
ಹಾಲುಹಲ್ಲು.
ಕೆಳಗಿನ ಮುಂದಿನವೆರಡು. ಆರು ತುಂಬಿರಂಗಿಲ್ಲ ಕೂಸಿಗೆ.
ಈ ಎಡಗಡಿ ತಗ್ಗು ಆಳ ಇಲ್ಲ ನೋಡ್ರಿ,
ಆ ಹಲ್ಲು ಆಗಲೇ ಅಲ್ಲಾಡತಿತ್ತು.

ಹೊರಗ ಒಂದು ಟಂಟಂ ಹೋತು.
ಯಾರೂ ಏನೂ ಅನಲಿಲ್ಲ.

ಆಮ್ಯಾಲೆ ಶ್ರೇಣಿಕನ ಲೆಕ್ಕಾ ಹಾಕಿದ:
ಉಜ್ಜಿದ್ರ ಬಣ್ಣ ಹೋಗತೈತಿ,
ಬಣ್ಣ ಬಳದ್ರ ಅರ್ಧಾ ಬೆಲಿ ಹೋಗತೈತಿ,
ಹಲ್ಲಿಂದು ಬರೇ ನಾಲ್ಕು ಸಾವಿರ.
ಇರಲಿ ಬಿಡ್ರಿ ಹಂಗ.
ಹಿಂಗಾಗಿ ಉಳೀತು, ಎಲ್ಲೋ ಒಂದು ಊರಾಗ
ಇಷ್ಟೊತ್ತಿಗೆ ಗಡ್ಡ ಬೆಳ್ಳಗಾದ ಒಬ್ಬನ
ಅಲ್ಲಾಡೂ ಹಲ್ಲು.

ಕರೆಂಟು ಬಂತು.
ಹಿತ್ತಾಳಿ ಸರಳು ಕಚ್ಚಿಸಿದೆ. ಎರಡು ಪಾಯಿಂಟ್ ನಾಲ್ಕು ಎಂಎಂ.
ಒರಿಜಿನಲ್ ಉಕ್ಕಿಂದಿತ್ತು, ಅಂದ ಶ್ರೇಣಿಕ. ಮುರೀತಲ್ಲೋ, ಅಂದೆ.
ಮೊಣಕಾಲು ಟಕ್ ಅಂತ ಕುಂತಿತು.
ನನ್ನ ಎಣ್ಣಿ ಡಬ್ಬಿ ಪಕ್ಕದಾಗ
ಎರಡೂ ಕಾಲ ಮ್ಯಾಲೆ ನಿಂತ, ಎದಿಯಾಗಿನ ಹುಡುಗನ ಸಮೇತ.

ಎಷ್ಟಾತು ಮಜೂರಿ?
ಎಂಬತ್ತು.
ಎಂಬತ್ತ? ಅಷ್ಟು ಸಣ್ಣ ಪಿನ್ನಿಗೆ? ಅರವತ್ತು ತಗೋ ಮಾರಾಯಾ.
ನಾಲ್ಕೂ ಮಂದಿ ಕೂಡಿ ಜಗ್ಗಾಡಿದ್ರು.
ಎಪ್ಪತ್ತಕ್ಕ ಮುಗೀತು.

ಒಂದು ಮಾತು ನಾ ಅವರಿಗೆ ಹೇಳಲಿಲ್ಲ.
ಬೋರಿನ ಪಂಪಿಂದಿರಲಿ, ಹಿಟ್ಟಿನ ಗಿರಣಿದಿರಲಿ,
ನನ್ನ ಕೈಯಾಗಿಂದ ಹೋಗೂ ಪಿನ್ನಿನ ತುದಿಗೆ
ಅರದಿಂದ ಒಂದು ಗೀರು ಎಳೀತೇನಿ, ನಮ್ಮಪ್ಪ ಎಳೀತಿದ್ದ.
ಇದಕ್ಕೂ ಎಳದೇನಿ.
ಇನ್ನ ಐವತ್ತು ವರ್ಷಕ್ಕ ಯಾವನರ ಮೊಣಕಾಲು ಬಿಚ್ಚಿದ್ರ
ಅದನ್ನೂ ನೋಡಿ
ಸಾವಿರ ರೂಪಾಯಿ ಕಡಿಮಿ ಮಾಡ್ತಾನ.
ಮಾಡಲಿ.