ಹಾಲುಹಲ್ಲು

ಮುಹು ದ್ವೀಪದಲ್ಲಿ ಮಾರ್ಚ್ ಅಂದರೆ
ಕಡಲು ಇನ್ನೂ ಅರ್ಧ ಗಾಜು, ಅರ್ಧ ನೀರು.
ಹಡಗುಕಟ್ಟೆಯ ಟಿಕೆಟ್ಟಿನ ಕಿಂಡಿಯಿಂದ ಕೈ ಚಾಚಿದರೆ
ಜನ ಚಿಲ್ಲರೆ ಬಿಟ್ಟು ನನ್ನ ಕೈ ನೋಡುತ್ತಾರೆ:
ಮುಂಗೈ ತುಂಬ ಕೆಂಪು ಚುಕ್ಕಿ,
ಯಾರೋ ಕಸೂತಿ ಹಾಕಲು ಕೂತು
ನಡುವೆಯೇ ಎದ್ದುಹೋದ ಹಾಗೆ.
"ಬೆಕ್ಕಾ, ಹೆಲ್ವೆ?"
"ಅಲ್ಲ. ಪಿಪರ್."

ಪಿಪರ್ ಅಂದರೆ ನಮ್ಮಲ್ಲಿ ಕಾಳುಮೆಣಸು.
ಮೈಬಣ್ಣ ನೋಡಿ ಇಟ್ಟ ಹೆಸರು,
ಅರ್ಥ ಗೊತ್ತಾದದ್ದು ಮಾರನೆಯ ದಿನ.

ಬಂದಾಗ ಅದಕ್ಕೆ ಐದೇ ವಾರ.
ತಾಯಿ ಹಾಲಿನ ಲಾರಿಗೆ ಸಿಕ್ಕಿತಂತೆ,
ಒಡಹುಟ್ಟಿದವು ನಾಲ್ಕು ಮನೆಗೆ ನಾಲ್ಕು.
ಕಚ್ಚಿದರೆ ಆಚೆಯವರಿಗೆ ನೋಯುತ್ತದೆ
ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.
ತಂಗಿಯ ಕಿವಿ ಕಚ್ಚಿ, ತಂಗಿ ಕುಂಯ್ ಅಂದು
ಆಟ ಮುರಿದು ಎದ್ದುಹೋಗಿ,
ಒಂಟಿಯಾಗಿ ಕೂತು ಕಲಿಯಬೇಕಾದ ಪಾಠ ಅದು.

ಹಾಗಾಗಿ ಐವತ್ತೆಂಟರ ನಾನು
ಅಡುಗೆಮನೆಯ ನೆಲದಲ್ಲಿ ಮಂಡಿಯೂರಿ
ತಂಗಿಯಾದೆ.
ಹಲ್ಲು ತಾಗಿದೊಡನೆ ಕುಂಯ್,
ಎದ್ದು ಬೆನ್ನು ತಿರುಗಿಸಿ, ಕಿಟಕಿ ನೋಡುತ್ತ
ಇಪ್ಪತ್ತು ಎಣಿಸುವುದು.
ಕಿಟಕಿಯಾಚೆ ಸೌದೆ ಹೊತ್ತ ಎಂಡೆಲ್ ನಿಂತಿದ್ದ.
ನಾನು ಎಣಿಸುತ್ತಿದ್ದೆ, ಅವನೂ ಏನನ್ನೋ ಎಣಿಸುತ್ತಿದ್ದ.
ಸಂಜೆ ಅವನ ಹೆಂಡತಿ ಸೂಪು ಕಳಿಸಿದಳು,
ಹುಷಾರಿಲ್ಲದವರಿಗೆ ಕಳಿಸುವಂಥದ್ದು.

ಕುಂಯ್, ಇಪ್ಪತ್ತು. ಕುಂಯ್, ಇಪ್ಪತ್ತು.
ಒಸಡಿನ ನವೆಗೆ ಉಣ್ಣೆಯ ಕಾಲುಚೀಲ ಗಂಟು ಹಾಕಿ
ನೆನೆಸಿ, ಹಿಮದಲ್ಲಿ ಹೂತು, ಕಲ್ಲು ಮಾಡಿ ಕೊಟ್ಟೆ.
ಕಾಲುಚೀಲ ವಿಲ್ಲೆಮ್‌ನದು.
ಅವನು ಬಿಟ್ಟುಹೋದ ಸಾಮಾನಿನಲ್ಲಿ
ಉಪಯೋಗಕ್ಕೆ ಬಂದದ್ದು ಅದೊಂದೇ.

ಕೈ ಮೆತ್ತಗೆ ಹಿಡಿಯಲು ಕಲಿತ ಮೇಲೆ
ಗುರ್ ಶುರುವಾಯಿತು.
ಹಂದಿಯ ಮೂಳೆಯ ಮೇಲೆ ಎರಡೂ ಮುಂಗಾಲು,
ಕಣ್ಣಂಚಿನಲ್ಲಿ ಬಿಳಿ, ಮೈ ಹಲಗೆಯಂತೆ ಬಿಗಿ,
ಹೊಟ್ಟೆಯೊಳಗೆಲ್ಲೋ ಪುಟ್ಟ ದೋಣಿಯ ಮೋಟಾರು.
"ಮೂಗಿಗೆ ಒಂದು ಬಿಗಿ," ಅಂದ ಎಂಡೆಲ್.
"ಗುರ್ ಅನ್ನುವುದೇ ಮರೆತುಹೋಗಬೇಕು."
ಪತ್ರಿಕೆ ಸುರುಳಿ ಸುತ್ತಿ ಕೈಗೂ ಕೊಟ್ಟ.

ಎತ್ತಿದೆ. ಸುಳ್ಳು ಹೇಳುವುದಿಲ್ಲ.
ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

ಇಪ್ಪತ್ತಾರು ವರ್ಷ
ವಿಲ್ಲೆಮ್ ಒಮ್ಮೆಯೂ ಗುರ್ ಅಂದವನಲ್ಲ.
ಉಪ್ಪಾದ ಸಾರನ್ನೂ ಬಡಿಸಿಕೊಂಡು ಉಂಡ.
ನನ್ನಮ್ಮ ಹನ್ನೊಂದು ಚಳಿಗಾಲ
ಮನೆಯ ಒಂದೇ ಬೆಚ್ಚನೆಯ ಕೋಣೆ ಹಿಡಿದು ಮಲಗಿದಾಗ
ದಿಂಬು ಬಗಲಲ್ಲಿಟ್ಟುಕೊಂಡು ಅಟ್ಟ ಹತ್ತಿದ.
ಎಂಥ ಸಾಧು, ಅಂದರು ಎಲ್ಲರೂ. ನಾನೂ ಅಂದೆ.
ಚಿಕ್ಕಂದಿನಲ್ಲಿ ಯಾರು ಹೊಡೆದಿದ್ದರೋ ಅವನ ಮೂಗಿಗೆ.
ಒಂದು ಬುಧವಾರ, ಬೆಳಗಿನ ಮೊದಲ ಹಡಗಿಗೆ
ನನ್ನ ಕಿಂಡಿಯಲ್ಲೇ ಟಿಕೆಟ್ ಕೇಳಿದ.
"ಹೋಗಿಬರುವುದಾ?"
ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.
"ಹೋಗುವುದಷ್ಟೇ."
ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುತ್ತಾರೆ.
ಬೊಗಳಲು ಬಿಡದ ನಾಯಿಗೆ ಗಾದೆ ಇಲ್ಲ.

ಪತ್ರಿಕೆ ಒಲೆಗೆ ಹೋಯಿತು.
ಮೂಳೆಯ ಹತ್ತಿರ ಸುಳಿಯದೆ, ದೂರದಿಂದಲೇ
ಹೊಗೆಮೀನಿನ ಒಂದು ಚೂರು ಎಸೆದು ಬಂದೆ.
ಮರುದಿನ ಒಂದು ಹೆಜ್ಜೆ ಒಳಗೆ, ಇನ್ನೊಂದು ಚೂರು.
ಗುರ್ ಅಂದರೆ ಅಲ್ಲೇ ನಿಂತೆ.
"ಆಯ್ತು, ಕೇಳಿಸಿತು," ಅಂದೆ.
ಇಷ್ಟು ಸಣ್ಣ ಮಾತು ನನ್ನ ಬಾಯಲ್ಲಿ ಎಲ್ಲಿತ್ತು ಇಷ್ಟು ದಿನ!
ಒಮ್ಮೊಮ್ಮೆ ಎರಡು ಹೆಜ್ಜೆ ಹಿಂದೆಯೂ ಹೋದೆವು.
ಜೂನ್ ಬರುವಷ್ಟರಲ್ಲಿ, ನಾನು ಬಂದರೆ
ಬಾಲ ನೆಲ ಗುಡಿಸತೊಡಗಿತು.
ಮೂಳೆ ಮಾತ್ರ ಕಾಲಡಿಯೇ. ಇರಲಿ.

ನಿನ್ನೆ ಒಲೆಯ ಮುಂದೆ ಸಿಕ್ಕಿತು
ನುಚ್ಚಕ್ಕಿಯಷ್ಟು ಒಂದು ಹಲ್ಲು.
ಅಷ್ಟೆಲ್ಲ ರಕ್ತ ತೆಗೆದದ್ದು ಇದಾ?
ಜೇಬಿಗೆ ಹಾಕಿಕೊಂಡೆ. ಇವತ್ತು ಚಿಲ್ಲರೆಯ ಜೊತೆ
ಯಾರ ಕೈಗೋ ಹೋಗಿಬಿಟ್ಟಿತು.
ಸಂಜೆಯ ಹಡಗಿನಿಂದ ಇಳಿದ ಹುಡುಗನೊಬ್ಬ
ಕಿಂಡಿಯಲ್ಲಿ ಅಂಗೈ ಬಿಚ್ಚಿದ:
"ಇದು ನಿಮ್ಮದಾ?"
ಹಿಂದೆ ಸಾಲು ಬೆಳೆದಿತ್ತು.
"ನನ್ನದೇ," ಅಂದೆ.