ಪಿಕ್ಕುಹಿಲ್ಯಾ

ಪಿಕ್ಕು ಅಂದರೆ ಪುಟ್ಟ, ಹಿಲ್ಯಾ ಅಂದರೆ ಸದ್ದಿಲ್ಲದೆ.
ಎರಡೂ ಸೇರಿದರೆ?
ಹೆಲ್ವಿ ಉತ್ತರಿಸಲಿಲ್ಲ. ಗಮ್‌ಬೂಟು ಮೆಟ್ಟಿಕೊಂಡು
ಬಾ, ಅಂದಳು.

ಹೈಲುವೊತೊ ದ್ವೀಪದ ಹುಲ್ಲುಗಾವಲಿನ ನಟ್ಟನಡುವೆ
ಒಂದು ದೋಣಿಮನೆ. ಟಾರು ಬಳಿದ ಹಲಗೆ.
ಕಟ್ಟಿದವನು ಅವಳಜ್ಜ ಏವರ್ತಿ; ಹೊಸ್ತಿಲಿಗೆ
ಅಲೆ ಬಡಿಯುತ್ತಿತ್ತಂತೆ.
ಈಗ ಅದೇ ಹೊಸ್ತಿಲಿಗೆ ಯಾರದೋ ಹಸುಗಳು ಮೈ ತಿಕ್ಕುತ್ತವೆ.
ಕಡಲು? ಅಗೋ, ಆ ಜೊಂಡಿನಾಚೆ,
ಮುನ್ನೂರು ಹೆಜ್ಜೆ.

ಕಡಲು ಸರಿದದ್ದಲ್ಲ, ನೆಲ ಎದ್ದದ್ದು.
ಯಾವ ಕಾಲದಲ್ಲೋ ಹಿಮದ ಹೊರೆ ಇಳಿಸಿದ ಬೆನ್ನು
ಇನ್ನೂ ನೆಟ್ಟಗಾಗುತ್ತಿದೆ,
ವರ್ಷಕ್ಕೆ ಒಂದು ಗೋಧಿಕಾಳಿನುದ್ದ.

"ಯಾವತ್ತು ಹೋಯಿತು ಅಂತ ಯಾರೂ ನೋಡಲಿಲ್ಲ.
ಅಜ್ಜ ಕಟ್ಟೆಗೆ ಒಂದು ಹಲಗೆ ಸೇರಿಸಿದ, ಅಪ್ಪ ಇನ್ನೆರಡು.
ಸುಲೋ ದೋಣಿ ಮಾರಿ ಸೈಕಲ್ಲು ತಂದ."

ನಮ್ಮ ಮಾತಿನಲ್ಲಿ, ಎಂದೆ ನಾನು,
ಬರಬರುತ್ತಾ ರಾಯರ ಕುದುರೆ ಕತ್ತೆಯಾಗುತ್ತದೆ.
ಅವಳು ಬಹಳ ಹೊತ್ತು ನಕ್ಕು
ಕೇಳಿದಳು: ಕತ್ತೆಗೆ ಗೊತ್ತಾಯಿತೇ?

ಬಳಕೆ ಹೀಗೆ.
ಹಿಟ್ಟು ಹುದುಗುವುದಕ್ಕೆ ಸಲ್ಲುತ್ತದೆ, ಬೆಳಕು ಕುಗ್ಗುವುದಕ್ಕೆ,
ಪಕ್ಕದ ಮನೆಯವನು ನಮಸ್ಕಾರ ಹೇಳಲು ಕಲಿಯುವುದಕ್ಕೆ
(ಹದಿನಾಲ್ಕು ವರ್ಷ ಹಿಡಿಯಿತು).
ಬಿತ್ತು, ಒಡೆಯಿತು, ಸಿಡಿಯಿತು,
ಇವುಗಳ ಪಕ್ಕ ಕೂರುವುದಿಲ್ಲ.
ಮತ್ತೆ, ನೆಂಟರ ಮನೆಯಲ್ಲಿ ಕಾಫಿ ಮುಗಿದ ಮೇಲೆ
ತೊಡೆ ತಟ್ಟಿಕೊಂಡು ಗಂಡಸರು ಹೇಳುವುದುಂಟು:
ಪಿಕ್ಕುಹಿಲ್ಯಾ ಹೊರಡೋಣವೇ?
ಹೇಳಿ, ಇನ್ನೊಂದು ಗಂಟೆ ಕೂರುತ್ತಾರೆ.

ಊಲು ಪಟ್ಟಣದ ಆಸ್ಪತ್ರೆ, ಮಾರ್ಚಿ ತಿಂಗಳ ಸಂಜೆ.
ಮಾತು ನಿಂತು ಎರಡು ವಾರವಾಗಿದ್ದ ಸುಲೋ
ಹೊದಿಕೆಯ ಮೇಲಿಂದಲೇ ತೊಡೆ ತಟ್ಟಿಕೊಂಡ.
ಹೆಲ್ವಿ ಎದ್ದು ಕೋಟು ಹುಡುಕಿದಳು,
ಅವನದಲ್ಲ, ತನ್ನದು.
ಅಭ್ಯಾಸ.
ಆಮೇಲೆ ಕೂತಳು.
ಇನ್ನೊಂದು ಗಂಟೆ ಇರುತ್ತದಲ್ಲ.

ಇತ್ತು. ಬೆಳಗಿನ ತನಕ ಇತ್ತು.

ಸತ್ತ ಎಂಬುದರ ಪಕ್ಕ ಈ ಪದ ಕೂರುತ್ತದೆಯೇ
ಎಂದು ನಾನು ಕೇಳಲಿಲ್ಲ.
ದೋಣಿಮನೆಯ ತುಕ್ಕು ಚಿಲಕ ಎಳೆಯುತ್ತಾ ಅವಳೇ ಅಂದಳು:
ಈಗ ನೀನೊಂದು ವಾಕ್ಯ ಮಾಡು.
ಮಾಡಿದೆ. ವಿಭಕ್ತಿ ತಪ್ಪಿತ್ತು, ತಿದ್ದಿದಳು.

ದಾರಿಗಡ್ಡ ಒಂದು ಕಂದು ಹಸು.
ಅದು ಸರಿಯುವ ತನಕ
ಇಬ್ಬರೂ ನಿಂತೆವು.