ಪಾಲುಪಟ್ಟಿ

ಓರ್ವಲನ ಬಿಳಿ ನಾಯಿ ಹಳ್ಳ ದಾಟಿ ಬಂದರೆ
ನಾಲ್ಕು ಕಾಲಿಗೂ ಕಿತ್ತಳೆ ಕಾಲುಚೀಲ.
ಕಲ್ಲು ಕಿತ್ತಳೆ, ಕಲ್ಲಡಿಯ ಮರಳು ಕಿತ್ತಳೆ,
ಸೇತುವೆಯ ಕಂಬ ಸೊಂಟದವರೆಗೆ ಕಿತ್ತಳೆ.
ವೆಸ್ಟ್ ವರ್ಜೀನಿಯಾದ ಈ ಕಣಿವೆಯಲ್ಲಿ ಇದಕ್ಕೆ
ಕಟ್ರೈಟ್ ರನ್ ಎಂದು ಹೆಸರು.
ಕಚೇರಿಯ ಕಡತದಲ್ಲಿ ‘ಕೆಟ್ಟ ನೀರು, ಕ್ರಮ ಸಂಖ್ಯೆ ನಲವತ್ತು’.

ನಾನು ತಿಂಗಳಿಗೊಮ್ಮೆ ಬರುವವಳು.
ಹದಿನಾಲ್ಕು ಬಾಟಲಿ, ಐಸಿನ ಪೆಟ್ಟಿಗೆ,
ತೊಡೆ ಮುಟ್ಟುವ ರಬ್ಬರ್ ಬೂಟು.
ಸೇತುವೆ ಕೆಳಗೊಂದು ಬಾಟಲಿ,
ಮರದ ಮಿಲ್ಲಿನ ಹಿಂದೊಂದು,
ಮುಚ್ಚಿದ ಮೂರನೇ ನಂಬರ್ ಗಣಿಯ ಬಾಯಲ್ಲೊಂದು.
ಅಲ್ಲಿ ತುಂಬುವಾಗ ಮಾತ್ರ ಉಸಿರು ಬಿಗಿಹಿಡಿಯುತ್ತೇನೆ,
ವಾಸನೆಗಲ್ಲ.
ಒಳಗಿಳಿದು ಮೇಲೆ ಬಾರದ ಮೂವರು
ಇನ್ನೂ ಅಲ್ಲೇ ಇದ್ದಾರೆ.

ಎರಡು ವರ್ಷ ಮೊಗೆದದ್ದನ್ನೆಲ್ಲ ಕೂಡಿಸಿ ಕಳೆದು
ಕಚೇರಿ ಒಂದು ಸಂಖ್ಯೆ ಹೆತ್ತಿತು:
ದಿನಕ್ಕೆ ಅರವತ್ತೊಂದು ಪೌಂಡ್ ಕಬ್ಬಿಣ.
ಅಷ್ಟು ನುಂಗಿಯೂ ಹಳ್ಳ ಹಳ್ಳವಾಗಿರಬಲ್ಲದು.
ಈಗ ನುಂಗುತ್ತಿರುವುದು
ನಾನೂರು ಚಿಲ್ಲರೆ.

ಅಕ್ಟೋಬರಿನ ಗುರುವಾರ, ಊರ ಸಭೆ.
ಬೆಂಕಿ ಆರಿಸುವ ಲಾರಿಯನ್ನು ಹೊರಗೆ ನಿಲ್ಲಿಸಿ
ಅದರ ಶೆಡ್ಡಿನಲ್ಲಿ ಮಡಚುವ ಕುರ್ಚಿ ಹಾಕಿದ್ದರು.
ಕಾಫಿ ಇತ್ತು, ಯಾರೋ ಕುಂಬಳಕಾಯಿ ಬ್ರೆಡ್ಡು ತಂದಿದ್ದರು.
ನಾನು ಓದಿದೆ:
ಊರ ಚರಂಡಿ ಘಟಕಕ್ಕೆ ನಾಲ್ಕು,
ಕಲ್ಲಿದ್ದಲು ತೊಳೆಯುವ ಕಂಪನಿಗೆ ಹನ್ನೊಂದು,
ರಸ್ತೆಗೆ, ಮಿಲ್ಲಿಗೆ, ಕಡಿದ ಗುಡ್ಡಕ್ಕೆ ಸೇರಿ ಒಂಬತ್ತು,
ವಾರಸುದಾರರಿಲ್ಲದ ಹಳೇ ಗಣಿಗಳಿಗೆ ಮೂವತ್ತೊಂದು.
ಹೊಲ ಹಂಚಿದ ಹಾಗೆ
ಹೊಲಸು ಹಂಚಿದೆ.

ಹಂಚುವಾಗ ತಿಳಿಯಿತು,
ಇದಕ್ಕೂ ದಾಯಾದಿಗಳುಂಟು.
ಹನ್ನೊಂದು ಸಾಲದೆಂದು ಕಂಪನಿಯ ವಕೀಲ ಎದ್ದ.
ಅವನಿಗೇಕೆ ಹನ್ನೊಂದು, ನಮಗೇಕೆ ಬರೀ ಒಂಬತ್ತು,
ಮಿಲ್ಲಿನವರು ಹಿಂದಿನ ಸಾಲಿನಿಂದ ಕೂಗಿದರು.
ಹೆಚ್ಚು ಕೊಳೆ ಸಿಕ್ಕವನೇ ಗೆದ್ದವನು
ಈ ಪಂಚಾಯ್ತಿಯಲ್ಲಿ.
ಮೂವತ್ತೊಂದರ ಪರವಾಗಿ ಮಾತ್ರ
ಯಾರೂ ಬಾಯಿ ತೆರೆಯಲಿಲ್ಲ.
ಅದರ ಮಾಲೀಕರು ದಿವಾಳಿಯಾಗಿ, ಹೆಸರು ಬದಲಿಸಿ,
ಮತ್ತೆ ದಿವಾಳಿಯಾಗಿ, ಕೊನೆಗೆ ಸತ್ತೂ
ಐವತ್ತು ವರ್ಷ.

‘ಕೂಡಿದರೆ ಐವತ್ತೈದು’ ಎಂದಳು
ಡೆಲ್ಫಿಯಾ ಸ್ಟಾಲ್‌ನೇಕರ್.
ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ
ತಟ್ಟೆ ಎಣಿಸಿದವಳು, ಎದ್ದು ನಿಲ್ಲಲಿಲ್ಲ.
‘ಉಳಿದ ಆರು ಯಾರ ಪಾಲು?’

ಯಾರದೂ ಅಲ್ಲಮ್ಮ, ಎಂದೆ.
ನಾವು ಅಳೆದದ್ದು ತಪ್ಪಿರಬಹುದು.
ನಮಗೆ ಗೊತ್ತಿಲ್ಲದ್ದು ಇರಬಹುದು.
ಅದಕ್ಕೆಂದು ಬಿಟ್ಟದ್ದು.

ವಕೀಲ ಚುರುಕಾದ.
ಹಾಗಾದರೆ ಬಿದ್ದೇ ಇರುವ ಆರರಲ್ಲಿ
ಎರಡು ನಮಗೆ ಕೊಟ್ಟರೆ ಯಾರಿಗೇನು ನಷ್ಟ?

ಅವಳು ಕಾಫಿಯ ಲೋಟ ಕೆಳಗಿಟ್ಟಳು.
‘ಮೂರನೇ ನಂಬರಿನ ನಕಾಶೆಯಲ್ಲಿ
ಗೋಡೆ ನೂರಡಿ ದಪ್ಪ ಅಂತಿತ್ತು.
ನಮ್ಮ ಹೋಬರ್ಟ್ ಕೊರೆದ ದಿನ ಒಂಬತ್ತೇ ಅಡಿ.
ಆಚೆ ಹಳೇ ಗಣಿ, ತುಂಬಾ ನೀರು.
ಲೆಕ್ಕ ತಪ್ಪಿರಬಹುದೆಂದು ಅವತ್ತು
ಯಾರೂ ಏನನ್ನೂ ಬಿಟ್ಟಿರಲಿಲ್ಲ.’
ಸ್ವಲ್ಪ ಹೊತ್ತು.
‘ಆ ಆರನ್ನು ಮುಟ್ಟಬೇಡಿ.’

ಹೊರಗೆ ಲಾರಿಯ ಮೇಲೆ ಮಳೆ ಬೀಳುವುದು ಕೇಳಿಸಿತು.
ಹದಿಮೂರು ಹನ್ನೊಂದಾಗಿಯೇ ಉಳಿಯಿತು.
ಆರು ಆರೇ.

ಏಪ್ರಿಲಿನಲ್ಲಿ ಗಣಿಯ ಬಾಯಿಗೆ
ಮೂರು ಲಾರಿ ಸುಣ್ಣಕಲ್ಲು ಸುರಿದರು.
ಮೇಲ್ಗಡೆಯ ಎರಡು ಬಾಟಲಿಯ ಬಣ್ಣ
ಚಹಾದಷ್ಟಕ್ಕೆ ಇಳಿದಿದೆ, ಅದೂ ಮಳೆಯಿಲ್ಲದ ವಾರ.
ಕೆಳಗಿನ ಹನ್ನೆರಡು ಹಾಗೆಯೇ.

ಇವತ್ತು ವಾಪಸು ಹೋಗುವಾಗ ಓರ್ವಲ
ಅಂಗಳದಲ್ಲಿ ಪೈಪು ಹಿಡಿದು ನಾಯಿ ತೊಳೆಯುತ್ತಿದ್ದ.
‘ಈ ನಾಲ್ಕು ಕಾಲಿನದು
ಯಾರ ಪಾಲಿಗೆ ಬರೆದಿದ್ದೀರಿ?’
ನಕ್ಕೆ. ಉತ್ತರ ಹೊಳೆಯಲಿಲ್ಲ.
ತೊಳೆದ ನೀರು ಹುಲ್ಲಿನ ನಡುವೆ ದಾರಿ ಹುಡುಕಿ
ಮೋರಿ ಸೇರಿ, ಹಳ್ಳದ ಕಡೆ ಹೊರಟಿತು.
ನಾಯಿ ಮೈ ಕೊಡವಿತು,
ನನ್ನ ಅಂಗಿಗೂ ಒಂದಿಷ್ಟು.